ಮನೆಯ ಪರ್ಷಿಯನ್ ಬೆಕ್ಕಿಗೆ ದನದ ಔಷಧಿ ಬೇಡ

ಹಾಲು ಉತ್ಪಾದಕ ಸಹೋದರಿಯರೇ,

ಮಕ್ಕಳ ಹಟಕ್ಕೆ ಮಣಿದು ಪೇಟೆಯಿಂದ ಪರ್ಷಿಯನ್ ಬೆಕ್ಕು ತರುವ ಮನೆಗಳು ಈಗ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳಲ್ಲೂ ಇವೆ. ಉದ್ದ ಕೂದಲು, ಚಪ್ಪಟೆ ಮುಖ ನೋಡಿ ಇದು ಬೇರೆಯೇ ಪ್ರಾಣಿ ಅನಿಸಬಹುದು. ಆದರೆ ಇದೂ ನಮ್ಮ ಮನೆಬೆಕ್ಕಿನ ಜಾತಿಯೇ. ಹೆಚ್ಚು ಹಾಲಿಗಾಗಿ ಎಚ್.ಎಫ್. ಆಕಳನ್ನು ಆರಿಸಿ ಬೆಳೆಸಿದಂತೆ, ಇದನ್ನು ಅಂದಕ್ಕಾಗಿ ಇಂಗ್ಲೆಂಡ್, ಅಮೆರಿಕಗಳಲ್ಲಿ ತಲೆಮಾರುಗಳ ಕಾಲ ಆರಿಸಿ ಬೆಳೆಸಿದ್ದಾರೆ. ಎಚ್.ಎಫ್. ಆಕಳಂತೆ ಇದಕ್ಕೂ ನಮ್ಮ ಬಿಸಿಲು ತಡೆಯದು.

ಆದರೆ ದನ ಸಾಕುವ ಮನೆಯಲ್ಲಿ ಬಿಸಿಲಿಗಿಂತ ದೊಡ್ಡ ಅಪಾಯ ಇರುವುದು ಕೊಟ್ಟಿಗೆಯ ಔಷಧಿ ಡಬ್ಬಿಯಲ್ಲಿ.

ಉಣ್ಣಿ ಔಷಧಿ

ಬೆಕ್ಕಿನ ಮೈಯಲ್ಲಿ ಚಿಗಟ ಕಂಡಾಗ, ಎಮ್ಮೆಗೆ ಹಚ್ಚಿ ಉಳಿದ ಔಷಧಿಯನ್ನೇ ಹಚ್ಚೋಣ ಅನಿಸುತ್ತದೆ. ದಯವಿಟ್ಟು ಹಚ್ಚಬೇಡಿ. ಡೆಲ್ಟಾಮೆಥ್ರಿನ್, ಸೈಪರ್‌ಮೆಥ್ರಿನ್, ಅಮಿಟ್ರಾಜ್ ಮುಂತಾದ ದನದ ಔಷಧಿಗಳು ಬೆಕ್ಕಿಗೆ ವಿಷ. ಇಂಥವನ್ನು ಒಡೆದು ಹೊರಹಾಕುವ ಶಕ್ತಿ ಬೆಕ್ಕಿನ ಲಿವರ್‌ಗೆ ತೀರಾ ಕಡಿಮೆ. ಮೇಲಾಗಿ ಬೆಕ್ಕು ಮೈಯೆಲ್ಲ ನೆಕ್ಕಿಕೊಳ್ಳುವುದರಿಂದ ಹಚ್ಚಿದ್ದು ಹೊಟ್ಟೆಗೂ ಹೋಗುತ್ತದೆ. ದನಕ್ಕೆ ಔಷಧಿ ಹಚ್ಚಿದ ದಿನ, ಫಿನಾಯಿಲ್ ಹಾಕಿ ಕೊಟ್ಟಿಗೆ ತೊಳೆದ ದಿನ, ಎಲ್ಲ ಪೂರ್ತಿ ಒಣಗುವವರೆಗೆ ಬೆಕ್ಕನ್ನು ಅತ್ತ ಬಿಡಬೇಡಿ.

ಜೊಲ್ಲು, ನಡುಕ, ತೂರಾಟ, ಫಿಟ್ಸ್ ವಿಷದ ಲಕ್ಷಣಗಳು. ಮೈಗೆ ಔಷಧಿ ತಾಗಿದ್ದರೆ ಪಾತ್ರೆ ತೊಳೆಯುವ ಸೋಪು, ಉಗುರುಬೆಚ್ಚಗಿನ ನೀರಿನಿಂದ ತೊಳೆದು, ಒರೆಸಿ, ಒಣಬಟ್ಟೆಯಲ್ಲಿ ಸುತ್ತಿ ತಕ್ಷಣ ಪಶು ಆಸ್ಪತ್ರೆಗೆ ತನ್ನಿ. ಫಿಟ್ಸ್ ಬರುತ್ತಿದ್ದರೆ ತೊಳೆಯುತ್ತ ಕೂಡದೆ ನೇರ ಆಸ್ಪತ್ರೆಗೆ ಬನ್ನಿ. ಔಷಧಿ ಡಬ್ಬಿಯೂ ಜೊತೆಗಿರಲಿ. ಬಾಯಿಗೆ ಹಾಲು, ಎಣ್ಣೆ ಏನನ್ನೂ ಹಾಕಬೇಡಿ.

ಜ್ವರದ ಗುಳಿಗೆ

500 ಮಿ.ಗ್ರಾಂ.ನ ಒಂದೇ ಪ್ಯಾರಾಸಿಟಮಾಲ್ ಗುಳಿಗೆ ಬೆಕ್ಕಿನ ಜೀವ ತೆಗೆಯಬಲ್ಲದು. ಅದು ರಕ್ತ ಕೆಡಿಸುತ್ತದೆ, ವಸಡು ಕಂದು ಬಣ್ಣಕ್ಕೆ ತಿರುಗುತ್ತದೆ, ಉಸಿರಾಟ ಕಷ್ಟವಾಗುತ್ತದೆ. ಕಾಲು ಗುಳಿಗೆಯೂ ಬೇಡ.

ಆಹಾರ

ಮನೆಯಲ್ಲೇ ಹಾಲಿದೆ, ಅದನ್ನೇ ಹಾಕಿದರಾಯಿತು ಅಂದುಕೊಳ್ಳಬೇಡಿ. ಬೆಳೆದ ಬೆಕ್ಕುಗಳಲ್ಲಿ ಅನೇಕಕ್ಕೆ ಹಾಲು ಜೀರ್ಣವಾಗದೆ ಭೇದಿ ಆಗುತ್ತದೆ. ಬೆಕ್ಕಿಗೆ ಟಾರಿನ್ ಎಂಬ ಅಂಶ ಬೇಕೇ ಬೇಕು. ಅದು ಮಾಂಸ, ಮೀನಿನಲ್ಲಿದೆ, ರೊಟ್ಟಿ, ಅನ್ನದಲ್ಲಿಲ್ಲ. ಕೊರತೆಯಾದರೆ ಕಣ್ಣು ಹೋಗುತ್ತದೆ, ಹೃದಯ ಸೋಲುತ್ತದೆ. ಮಾಂಸ ತರದ ಮನೆಯವರು ಬೆಕ್ಕಿಗೆಂದೇ ತಯಾರಿಸಿದ ಪ್ಯಾಕೆಟ್ ಆಹಾರ ಕೊಡಿ. ನಾಯಿಯ ಆಹಾರ ಸಾಲದು. ಇಷ್ಟು ಖರ್ಚು ಆಗದು ಎಂದಾದರೆ ಈ ಬೆಕ್ಕು ತರದಿರುವುದೇ ಲೇಸು.

ಕೂದಲು, ಕಣ್ಣು, ಬಿಸಿಲು

ದಿನಾಲೂ ಬಾಚದಿದ್ದರೆ ಕೂದಲು ಜಡೆಗಟ್ಟಿ ಕೆಳಗಿನ ಚರ್ಮ ಹುಣ್ಣಾಗುತ್ತದೆ. ಮುಖ ಚಪ್ಪಟೆಯಾದ್ದರಿಂದ ಕಣ್ಣೀರು ಸೋರುತ್ತದೆ; ಕುದಿಸಿ ಆರಿಸಿದ ನೀರಲ್ಲಿ ಅದ್ದಿದ ಹತ್ತಿಯಿಂದ ಒರೆಸಿ. ಏಪ್ರಿಲ್-ಮೇ ತಿಂಗಳಲ್ಲಿ ತಗಡಿನ ಛಾವಣಿಯ ಕೆಳಗೆ ಇಡಬೇಡಿ. ಬೆಕ್ಕು ಬಾಯಿ ತೆರೆದು ತೇಕುತ್ತಿದ್ದರೆ ಅಪಾಯ. ನೆರಳಿಗೆ ತಂದು, ಮೈಗೆ ಒದ್ದೆ ಬಟ್ಟೆ ಹಾಕಿ, ಗಾಳಿ ಬೀಸುತ್ತ ವೈದ್ಯರನ್ನು ಕರೆಯಿರಿ.

ಲಸಿಕೆ ಮತ್ತು ಮನೆಯವರ ಆರೋಗ್ಯ

ಮೂರು ತಿಂಗಳಿಗೆ ರೇಬೀಸ್ ಲಸಿಕೆ ಹಾಕಿಸಿ, ಪ್ರತಿ ವರ್ಷ ತಪ್ಪದೆ ಮುಂದುವರಿಸಿ. ಬೆಕ್ಕು ಕಚ್ಚಿದರೆ, ಪರಚಿದರೆ ಗಾಯವನ್ನು ಸೋಪು ಹಚ್ಚಿ 15 ನಿಮಿಷ ಹರಿಯುವ ನೀರಲ್ಲಿ ತೊಳೆದು ಸರ್ಕಾರಿ ಆಸ್ಪತ್ರೆಗೆ ಹೋಗಿ. ಬೆಕ್ಕಿನ ಮಲದಿಂದ ಟಾಕ್ಸೋಪ್ಲಾಸ್ಮಾ ಎಂಬ ರೋಗಾಣು ಹರಡಬಹುದು. ಅದು ಗರ್ಭದಲ್ಲಿನ ಕೂಸಿಗೆ ಅಪಾಯ. ಆಡು-ಕುರಿಗಳೂ ಕಂದು ಹಾಕುತ್ತವೆ. ಆದ್ದರಿಂದ ಮಲದ ತಟ್ಟೆಯನ್ನು ದಿನಾಲೂ ಸ್ವಚ್ಛ ಮಾಡಿ, ಗರ್ಭಿಣಿಯರು ಆ ಕೆಲಸ ಮಾಡುವುದು ಬೇಡ. ಮೇವು, ಹಿಂಡಿಚೀಲದ ಮೇಲೆ ಬೆಕ್ಕು ಮಲಗದಂತೆ ಮುಚ್ಚಿಡಿ.

ಸಂಶಯ ಬಂದರೆ ಕೈಗೆ ಸಿಕ್ಕ ಔಷಧಿ ಹಾಕುವ ಮೊದಲು ಹತ್ತಿರದ ಪಶು ಆಸ್ಪತ್ರೆಯಲ್ಲಿ ಕೇಳಿ, ಇಲ್ಲವೇ 1962ಕ್ಕೆ ಕರೆ ಮಾಡಿ.

— ಪಶುವೈದ್ಯಾಧಿಕಾರಿ