‘ಅತಿಥಿ’ ಮತ್ತು ‘ಪರದೇಶಿ’: ಕ್ರೈಸ್ತ ಸತ್ಕಾರಧರ್ಮದ ಒಂದು ಪದವಿವೇಚನೆ

ಹೊಸ ಒಡಂಬಡಿಕೆಯಲ್ಲಿ ಇಬ್ರಿಯರಿಗೆ ಬರೆದ ಪತ್ರಿಕೆಯ 13ನೆಯ ಅಧ್ಯಾಯವು ಎರಡು ಸಮಾಸಪದಗಳನ್ನು ಒಂದರ ಬೆನ್ನಿಗೆ ಒಂದರಂತೆ ಇರಿಸುತ್ತದೆ. ಮೊದಲ ವಚನದ ಗ್ರೀಕ್ ಪದ ‘ಫಿಲದೆಲ್ಫಿಯ’, ಎಂದರೆ ಸಹೋದರರ ಮೇಲಣ ಪ್ರೀತಿ. ಎರಡನೆಯ ವಚನದ್ದು ‘ಫಿಲೊಕ್ಸೆನಿಯ’. ‘ಕ್ಸೆನೊಸ್’ ಎಂದರೆ ಅಪರಿಚಿತ, ಅನ್ಯನಾಡಿನವನು. ಅವನ ಮೇಲಣ ಪ್ರೀತಿಯೇ ಫಿಲೊಕ್ಸೆನಿಯ. ತಮ್ಮವರ ಮೇಲಣ ಪ್ರೀತಿ ತಮ್ಮವರಲ್ಲಿಯೇ ನಿಲ್ಲಬಾರದೆಂಬ ಆಶಯವು ಈ ಜೋಡಣೆಯಲ್ಲಿಯೇ ಅಡಗಿದೆ. ಕನ್ನಡ ಕ್ರೈಸ್ತ ಬಳಕೆಯಲ್ಲಿ ಇದಕ್ಕೆ ನೆಲೆಗೊಂಡಿರುವ ಪದ ‘ಅತಿಥಿಸತ್ಕಾರ’. ಅನುವಾದದಲ್ಲಿ ಸಹೋದರನು ಉಳಿದನು, ಅಪರಿಚಿತನು ಮರೆಯಾದನು.

‘ಅತಿಥಿ’ ಶಬ್ದವನ್ನು ಇದಕ್ಕಾಗಿ ದೂಷಿಸುವುದು ಸಲ್ಲದು. ನಿಶ್ಚಿತ ತಿಥಿಯಿಲ್ಲದೆ ಬರುವವನು ಎಂಬ ಸಾಂಪ್ರದಾಯಿಕ ವ್ಯುತ್ಪತ್ತಿಯನ್ನು ಒಪ್ಪುವುದಾದರೆ, ಅವನೂ ಒಂದು ಕಾಲಕ್ಕೆ ಅನಿರೀಕ್ಷಿತನೇ. ಆದರೆ ಇಂದಿನ ‘ಮುಖ್ಯ ಅತಿಥಿ’ಗೆ ತಿಥಿ, ವೇಳೆ, ಸ್ಥಳ ಮೂರೂ ಆಹ್ವಾನಪತ್ರಿಕೆಯಲ್ಲಿ ಅಚ್ಚಾಗಿರುತ್ತವೆ. (ನಮ್ಮ ಕಾಲೇಜುಗಳ ‘ಅತಿಥಿ ಉಪನ್ಯಾಸಕ’ರ ಮಾತು ಬೇರೆ; ಅಲ್ಲಿ ಅತಿಥಿಯುಂಟು, ಸತ್ಕಾರವಿಲ್ಲ.)

ಮತ್ತಾಯನ ಸುವಾರ್ತೆಯ 25ನೆಯ ಅಧ್ಯಾಯದ ನ್ಯಾಯತೀರ್ಪಿನ ಪ್ರಸಂಗದಲ್ಲಿ ಅರಸನು ಹಸಿದವನೊಡನೆ, ರೋಗಿಯೊಡನೆ, ಸೆರೆಯಾಳಿನೊಡನೆ ತನ್ನನ್ನು ಸಮೀಕರಿಸಿಕೊಳ್ಳುತ್ತಾನೆ. ಆ ಸಾಲಿನಲ್ಲಿ ‘ಕ್ಸೆನೊಸ್’ ಕೂಡ ಇದ್ದಾನೆ. ಇಲ್ಲಿ ರೂಢಿಯ ಕನ್ನಡ ಬೈಬಲು ಆಯ್ದುಕೊಂಡ ಪದ ‘ಪರದೇಶಿ’. ಇದು ಅತ್ಯಂತ ಸಮರ್ಪಕವಾದ ಆಯ್ಕೆಯೆಂದು ನನ್ನ ಭಾವನೆ. ಆಡುನುಡಿಯಲ್ಲಿ ಪರದೇಶಿಯೆಂದರೆ ಬೇರೆ ನಾಡಿನವನಷ್ಟೇ ಅಲ್ಲ, ದಿಕ್ಕುದೆಸೆಯಿಲ್ಲದವನು. ಈ ಪದ ಮರುಕಕ್ಕೂ ಬಳಕೆಯಾಗುತ್ತದೆ, ಬೈಗುಳಕ್ಕೂ ಒದಗುತ್ತದೆ. ತೊಡಕಿರುವುದು ಬೇರೆಡೆ. ಗ್ರೀಕಿನಲ್ಲಿ ಒಂದೇ ಮೂಲದ ಎರಡು ಪದಗಳು ಕನ್ನಡದಲ್ಲಿ ಪರಸ್ಪರ ಗುರುತು ಸಿಕ್ಕದಂತೆ ದೂರವಾದವು. ಅತಿಥಿಗೆ ಸತ್ಕಾರ, ಪರದೇಶಿಗೆ ದಾನ ಎಂಬ ವಿಭಜನೆಗೆ ಭಾಷೆಯೇ ಅನುವು ಮಾಡಿಕೊಟ್ಟಿತು.

ಈ ವಿಭಜನೆಯ ಆತಂಕವು ಕ್ರೈಸ್ತ ಪರಂಪರೆಗೆ ಹೊಸತಲ್ಲ. ಆರನೆಯ ಶತಮಾನದ ಸಂತ ಬೆನೆಡಿಕ್ಟನ ಮಠನಿಯಮಾವಳಿಯ 53ನೆಯ ಅಧ್ಯಾಯವು ಬಂದವರೆಲ್ಲರನ್ನೂ ಕ್ರಿಸ್ತನನ್ನು ಬರಮಾಡಿಕೊಂಡಂತೆಯೇ ಬರಮಾಡಿಕೊಳ್ಳಬೇಕೆನ್ನುತ್ತದೆ. ಆದರೆ ಬಡವರ ಮತ್ತು ಯಾತ್ರಿಕರ ವಿಷಯದಲ್ಲಿ ವಿಶೇಷ ಕಾಳಜಿಯನ್ನು ವಿಧಿಸುತ್ತದೆ. ಅದು ನೀಡುವ ಕಾರಣ ಗಮನಾರ್ಹ: ಧನಿಕರಿಗೆ ಅವರ ಮೇಲಣ ಭಯವೇ ಗೌರವವನ್ನು ದೊರಕಿಸಿಕೊಡುತ್ತದೆ. ಇದಕ್ಕೂ ಮೊದಲು, ನಾಲ್ಕನೆಯ ಶತಮಾನದಲ್ಲಿ, ಕಪ್ಪದೋಕ್ಯದ ಕೈಸರೈಯದ ಹೊರವಲಯದಲ್ಲಿ ಬಸೀಲನು ಪ್ರಯಾಣಿಕರಿಗೆ ತಂಗುದಾಣವನ್ನೂ ರೋಗಿಗಳಿಗೆ ಆಶ್ರಯವನ್ನೂ ಕಟ್ಟಿಸಿದನು. ಇಂಥ ವಸತಿಗಳಿಗೆ ‘ಕ್ಸೆನೊದೊಖೆಯೊನ್’ ಎಂಬ ಹೆಸರು ರೂಢವಾಯಿತು. ಸಂಸ್ಥೆ ಬೆಳೆದಂತೆ ಮನೆಯ ಬಾಗಿಲು ಮುಚ್ಚುವ ಅಪಾಯವೂ ಬೆಳೆಯಿತು. ಕಾನ್‌ಸ್ಟಾಂಟಿನೋಪಲಿನಲ್ಲಿ 400ರ ಆಸುಪಾಸಿನಲ್ಲಿ ಯೋವಾನ ಕ್ರಿಸೊಸ್ತೊಮನು ಅಪೊಸ್ತಲರ ಕೃತ್ಯಗಳನ್ನು ಕುರಿತು ನೀಡಿದ ಪ್ರವಚನಗಳಲ್ಲಿ ಈ ಪ್ರಶ್ನೆಯನ್ನು ನೇರವಾಗಿ ಎದುರಿಸಿದ್ದಾನೆ. ಸಭೆಯ ತಂಗುದಾಣವಿರುವಾಗ ನಮ್ಮದೇನು ಹೊಣೆಯೆಂದು ಕೇಳುವವರಿಗೆ, ತಮ್ಮ ಮನೆಯಲ್ಲಿಯೇ ಒಂದು ಕೋಣೆಯನ್ನು ಪರಸ್ಥಳದವರಿಗಾಗಿ ಮೀಸಲಿಡುವಂತೆ ಆತ ಸೂಚಿಸಿದನು.

ಕನ್ನಡಕ್ಕೆ ಮರಳುವುದಾದರೆ, ಹಳಗನ್ನಡದ ‘ಬಿರ್ದು’, ‘ಬಿದ್ದಿನ’ ಪದಗಳು ನೆನಪಾಗುತ್ತವೆ. ಮೊದಲನೆಯದು ಔತಣ, ಎರಡನೆಯದು ಔತಣಕ್ಕೆ ಬಂದವನು. ಇವುಗಳ ಸಜಾತಿಯಾದ ತಮಿಳಿನ ‘ವಿರುಂದು’ ಪದಕ್ಕೆ ಹೊಸತನವೆಂಬ ಅರ್ಥವೂ ಉಂಟು. ಬಂದವನು ಹೊಸಬನೆಂಬ ಅರಿವು ದ್ರಾವಿಡ ಮೂಲದಲ್ಲಿಯೇ ಇತ್ತೆಂಬುದಕ್ಕೆ ಇದು ಸಾಕ್ಷಿ. 1810ರಲ್ಲಿ ಬಳ್ಳಾರಿಗೆ ಬಂದು ಬೈಬಲ್ ಅನುವಾದಕ್ಕೆ ತೊಡಗಿದ ಜಾನ್ ಹ್ಯಾಂಡ್ಸ್‌ನಾಗಲಿ ಆತನ ನಂತರದ ಪರಿಷ್ಕರ್ತರಾಗಲಿ ಜನಬಳಕೆಯಲ್ಲಿಲ್ಲದ ಇಂಥ ಪದಕ್ಕೆ ಕೈಹಾಕುವುದು ಸಾಧ್ಯವಿರಲಿಲ್ಲ. ಮುಂದಿನ ಪರಿಷ್ಕರಣಕಾರರು ‘ಅತಿಥಿ’ಯನ್ನು ಕೈಬಿಡಬೇಕಾಗಿಯೂ ಇಲ್ಲ, ಅದರ ಹಿಂದೆ ‘ಗುರುತಿಲ್ಲದ’ ಎಂಬ ಒಂದು ವಿಶೇಷಣವನ್ನು ಸೇರಿಸಿದರೂ ಮೂಲಪದದ ಕಳೆದುಹೋದ ಅರ್ಧಭಾಗವು ಮರಳಿ ದೊರೆಯುತ್ತದೆ.