ಹಣ್ಣು ನೊಣಕ್ಕೆ ಗಾಮಾ ಕಿರಣದ ಮದ್ದು

ಎಳೆ ಹೀರೇಕಾಯಿ ಸೊಟ್ಟಗಾಗಿ, ಚುಚ್ಚಿದ ಜಾಗದಲ್ಲಿ ಅಂಟು ಸೋರಿದ್ದರೆ ಸೀಳಿ ನೋಡಿ. ಒಳಗೆ ಹಣ್ಣು ನೊಣದ ಬಿಳಿ ಹುಳುಗಳು ಮಿಜಿಗುಡುತ್ತಿರುತ್ತವೆ. ಬಲಿತವು ಅಂಗೈಗೆ ಹಾಕಿಕೊಂಡರೆ ಟಣ್ಣನೆ ಜಿಗಿಯುತ್ತವೆ. ಸಿಂಧನೂರು, ಲಿಂಗಸುಗೂರು, ಮಸ್ಕಿ ಕಡೆ ಹೀರೆ, ಹಾಗಲ, ಸೌತೆ, ಪೇರಲ, ಮಾವು ಬೆಳೆಯುವವರಿಗೆ ಈ ಕಾಟ ಹೊಸದಲ್ಲ. ಮೊಟ್ಟೆ ಸಿಪ್ಪೆಯ ಕೆಳಗೆ, ಹುಳು ತಿರುಳಿನೊಳಗೆ, ಕೋಶ ಮಣ್ಣಿನಲ್ಲಿ. ಮೇಲೆ ಹೊಡೆದ ಔಷಧಿ ಮುಟ್ಟುವುದಾದರೂ ಯಾವುದಕ್ಕೆ?

ಇದಕ್ಕೆ ಜಪಾನಿನ ಒಕಿನಾವಾ ದ್ವೀಪಗಳಲ್ಲಿ ಬೇರೆಯೇ ದಾರಿ ಹಿಡಿದರು. ನಮ್ಮ ಹೀರೆ, ಹಾಗಲಕ್ಕೆ ಬೀಳುವ ಅದೇ ನೊಣವನ್ನು ಕಾರ್ಖಾನೆಯಲ್ಲಿ ಕೋಟಿಗಟ್ಟಲೆ ಸಾಕಿದರು. ನೊಣ ಹೊರಬರಲು ಕೆಲವೇ ದಿನ ಇರುವಾಗ ಕೋಶಗಳಿಗೆ ಕೋಬಾಲ್ಟ್-60ರ ಗಾಮಾ ಕಿರಣ ಹಾಯಿಸಿ, ಆ ನೊಣಗಳನ್ನು ಹೊರಗೆ ಬಿಟ್ಟರು. ಅಂಥ ಗಂಡು ನೊಣ ಹಾರುತ್ತದೆ, ಹೆಣ್ಣನ್ನು ಕೂಡುತ್ತದೆ. ಆ ಹೆಣ್ಣು ಇಡುವ ಮೊಟ್ಟೆ ಮಾತ್ರ ಒಡೆಯುವುದಿಲ್ಲ. ಕಿರಣ ತಾಗಿದ ನೊಣದಿಂದ ಕಾಯಿಗೆ ವಿಕಿರಣ ಅಂಟುವುದೂ ಇಲ್ಲ. 1972ರಲ್ಲಿ ಕುಮೆ ದ್ವೀಪದಲ್ಲಿ ಶುರುವಾದ ಕೆಲಸ 1993ಕ್ಕೆ ಇಡೀ ಒಕಿನಾವಾದಿಂದ ಆ ನೊಣವನ್ನು ಅಳಿಸಿತು. ನಮ್ಮ ಹತ್ತಿ ರೈತರೂ ಕೇಳಬೇಕಾದ ಮಾತೊಂದಿದೆ: ಅಮೆರಿಕ 2018ರಲ್ಲಿ ಗುಲಾಬಿ ಕಾಯಿಕೊರಕ ತೊಲಗಿತೆಂದು ಸಾರಿತು. ಅಲ್ಲಿ ಬಿಟಿ ಹತ್ತಿಯ ಜೊತೆಗೆ ಹೀಗೆ ಬಂಜೆಯಾಗಿಸಿದ ಪತಂಗಗಳನ್ನೂ ಬಿಟ್ಟಿದ್ದರು.

ಆದರೆ ಇದು ಒಬ್ಬರ ಹೊಲದ ಕೆಲಸವಲ್ಲ. ಪಕ್ಕದ ಹೊಲದಿಂದ ಬಸಿರಾದ ಹೆಣ್ಣು ನೊಣ ಹಾರಿ ಬಂದರೆ ಖರ್ಚೆಲ್ಲ ನೀರುಪಾಲು. ಒಕಿನಾವಾಕ್ಕೆ ಸುತ್ತಲೂ ಸಮುದ್ರವಿತ್ತು, ನಮಗೆ ಬದುವಷ್ಟೇ ಅಡ್ಡ. ಸರ್ಕಾರ ಹೊಣೆ ಹೊತ್ತು ಇಡೀ ಸೀಮೆಗೆ ಮಾಡಿದರಷ್ಟೇ ಫಲ.

ಕುಮೆಯಲ್ಲೂ ಕಿರಣದ ನೊಣ ಬಿಡುವ ಮುಂಚೆ ಗಂಡು ನೊಣಗಳನ್ನು ಕ್ಯೂಲೂರ್ ವಾಸನೆಗೆ ಸೆಳೆದು ಕೊಂದು, ಸಂಖ್ಯೆ ತಗ್ಗಿಸಿದ್ದರು. ಅಷ್ಟನ್ನು ನಾವು ಈಗಲೇ ಮಾಡಬಹುದು. ಬಳ್ಳಿ ತರಕಾರಿಗೆ ಕ್ಯೂಲೂರ್, ಮಾವು-ಪೇರಲಕ್ಕೆ ಮಿಥೈಲ್ ಯೂಜಿನಾಲ್ ಬಲೆ. ಎಕರೆಗೆ ನಾಲ್ಕಾರು ಸಾಕು. ಅದಲುಬದಲಾದರೆ ಬಲೆ ಖಾಲಿಯೇ. ಬಲೆಗೆ ಬೀಳುವುದು ಗಂಡು ಮಾತ್ರ, ಹೆಣ್ಣಿಗೆ ಬೆಲ್ಲದ ವಿಷಪಾಕ ಬೇಕು. ಯಾವ ಔಷಧಿ, ಎಷ್ಟು ಎಂಬುದನ್ನು ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿಯೇ ಬೆರೆಸಿ. ಉದುರಿದ, ಹುಳುಕು ಕಾಯಿಗಳನ್ನು ಬದುವಿಗೆ ಎಸೆಯುವುದೆಂದರೆ ನೊಣ ಸಾಕಿದ ಹಾಗೆ. ಎರಡಡಿ ಗುಂಡಿ ತೋಡಿ ಹೂಳಿ. ಪಕ್ಕದ ಹೊಲದವರನ್ನೂ ಕರೆದುಕೊಂಡು ಒಂದೇ ವಾರದಲ್ಲಿ ಎಲ್ಲರೂ ಬಲೆ ಕಟ್ಟಿ.