ಹೂವಿನ ಮುರ್ಲು ಮೀನು: ಅಂದದ ಮರಿಗಳ ಆಯ್ಕೆ

ಹಾವಿನಂಥ ತಲೆಯುಳ್ಳ ಮುರ್ಲು ಮೀನುಗಳಲ್ಲಿ ಹೂವಿನ ಮುರ್ಲು (ಚನ್ನಾ ಮರೂಲಿಯಸ್) ನೋಡಲು ಬಲು ಅಂದ. ಬದಿಗಳಲ್ಲಿ ಕಪ್ಪು ಮಚ್ಚೆ, ಬಿಳಿ ಚುಕ್ಕೆ. ಬಾಲದ ಬುಡದಲ್ಲಿ ಕಿತ್ತಳೆ ಅಂಚಿನ ಕಪ್ಪು ಕಣ್ಚುಕ್ಕೆ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಭಾಗದಲ್ಲಿ ಇದನ್ನು ಅಂದಕ್ಕಾಗಿ ಸಾಕಬಯಸುವ ರೈತರು ಮರಿಯ ಬಣ್ಣಕ್ಕೆ ಮರುಳಾಗಿ ಹೆಚ್ಚು ಹಣ ಕೊಡಬಾರದು. ಎಳೆ ಮರಿಯ ಮೈಮೇಲಿನ ಕಿತ್ತಳೆ ಪಟ್ಟೆ ಬೆಳೆದಂತೆ ಮಾಸಿಹೋಗುತ್ತದೆ. ಆದ್ದರಿಂದ ಎರಡು ಸಲ ಆಯ್ಕೆ ಮಾಡಬೇಕು.

ಮೊದಲ ಆಯ್ಕೆ: ಕೊಳ್ಳುವಾಗ ಬಣ್ಣವನ್ನಲ್ಲ, ಮೈಕಟ್ಟು ನೋಡಿರಿ. ಬೆನ್ನು ನೇರವಾಗಿರಬೇಕು, ಈಜುರೆಕ್ಕೆ ಹರಿದಿರಬಾರದು, ಮರಿ ಚುರುಕಾಗಿ ಆಹಾರ ತಿನ್ನಬೇಕು. ತಲೆ ದಪ್ಪವಿದ್ದು ಮೈ ಸೊರಗಿದ ಮರಿ ಬೇಡ. ಎಲ್ಲವೂ ಒಂದೇ ಗಾತ್ರದವಿರಲಿ. ಇಲ್ಲವಾದರೆ ದೊಡ್ಡವು ಚಿಕ್ಕವನ್ನು ನುಂಗುತ್ತವೆ.

ಎರಡನೆಯ ಆಯ್ಕೆ: ಪಟ್ಟೆ ಮಾಸಿ ಮಚ್ಚೆ ಮೂಡಿದ ಮೇಲೆ ಮಾಡಿರಿ. ಬೆದರಿದ ಅಥವಾ ಬಿಳಿ ಪಾತ್ರೆಯಲ್ಲಿಟ್ಟ ಮೀನು ಬಿಳಿಚಿಕೊಳ್ಳುತ್ತದೆ. ಕಪ್ಪು ತಳದ ತೊಟ್ಟಿಯಲ್ಲಿ ಅವು ಶಾಂತವಾದ ಬಳಿಕ, ಒಂದೇ ಬೆಳಕಿನಲ್ಲಿ ಹೋಲಿಸಿರಿ. ಮಚ್ಚೆ ಸ್ಪಷ್ಟವಾಗಿದ್ದು, ಎರಡೂ ಬದಿ ಒಪ್ಪವಾಗಿ, ಕಣ್ಚುಕ್ಕೆ ದುಂಡಗಿರುವ ಮೀನುಗಳನ್ನು ಉಳಿಸಿಕೊಳ್ಳಿರಿ. ಮಿಕ್ಕವು ಊಟಕ್ಕೆ ಒಳ್ಳೆಯ ಮೀನೇ ಆದ್ದರಿಂದ ಸಾಕಿದ ಶ್ರಮ ವ್ಯರ್ಥವಾಗದು.

ಎಚ್ಚರಿಕೆ: ಈ ಮೀನು ಮೇಲೆ ಬಂದು ಗಾಳಿ ನುಂಗುತ್ತದೆ, ಹೊರಗೆ ಜಿಗಿಯುತ್ತದೆ. ನೀರಿನ ಮೇಲೆ ಗೇಣು ಜಾಗ ಬಿಟ್ಟು ಬಲೆ ಮುಚ್ಚಿರಿ. ಇದು ಒಂದು ಮೀಟರಿಗೂ ಮೀರಿ ಬೆಳೆಯಬಲ್ಲದು. ಗಾಜಿನ ಪೆಟ್ಟಿಗೆ ಸಾಲದು, ದೊಡ್ಡ ಸಿಮೆಂಟು ತೊಟ್ಟಿ ಬೇಕು. ತಂದೆತಾಯಿ ಕಾಯುತ್ತಿರುವ ಮರಿಹಿಂಡಿಗೆ ಹೊಳೆಯಲ್ಲಿ ಬಲೆ ಹಾಕಬೇಡಿರಿ. ಹೊರಗಿನಿಂದ ತಂದ ಮೀನನ್ನು ಮಲಪ್ರಭೆಗಾಗಲಿ ನವಿಲುತೀರ್ಥದ ಜಲಾಶಯಕ್ಕಾಗಲಿ ಬಿಡಬಾರದು.